ಹಳೆಯ ನಿಯಮ ತೋರಣಕ್ಕಲ್ಲ

ಹುಟ್ಟುಹಬ್ಬಕ್ಕೆ ರೆಟ್ರೊ ಆಟದ ರಾತ್ರಿ ಇಟ್ಟುಕೊಳ್ಳೋಣ ಎಂದು ಯಾರಾದರೂ ಬಾಯಿಬಿಟ್ಟರೆ ಸಾಕು, ಸುತ್ತಲಿನವರ ಸಲಹೆಗಳೆಲ್ಲ ಒಂದೇ ಅಚ್ಚಿನಿಂದ ಇಳಿಯುತ್ತವೆ. ಗೋಡೆಗೆ ನಿಯಾನ್ ದೀಪ ಕಟ್ಟಿ, ಎಂಬತ್ತರ ದಶಕದ ಹಾಡು ಹಾಕಿ, ಕೇಕಿನ ಮೇಲೊಂದು ಡ್ರ್ಯಾಗನ್ ಕೂರಿಸಿ, ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನ ಹಳೆಯ ಕೆಂಪು ಪೆಟ್ಟಿಗೆ ಎಲ್ಲಾದರೂ ಸಿಕ್ಕರೆ ಮೇಜಿನ ನಡುವೆ ಎಲ್ಲರಿಗೂ ಕಾಣುವಂತೆ ಇಡಿ. ಆಟ ಮಾತ್ರ ಇವತ್ತಿನ ನಿಯಮದಲ್ಲೇ ಇರಲಿ. ಹಳೆಯ ನಿಯಮ ತೊಡಕಿನದು, ಒರಟು, ಅನ್ಯಾಯದ್ದು; ಆಟ ಶುರುವಾಗಿ ಅರ್ಧ ಗಂಟೆಯೊಳಗೆ ಪಾತ್ರಗಳು ಸಾಯುತ್ತವೆ, ಹುಟ್ಟುಹಬ್ಬದ ದಿನ ಅತಿಥಿಯನ್ನು ಸಾಯಿಸುವುದುಂಟೆ ಎನ್ನುತ್ತಾರೆ. ಹಳೆಯ ನಿಯಮದ ಪುಸ್ತಕ ನೋಡಿ ಖುಷಿಪಡುವುದಕ್ಕೆ, ಆಡುವುದಕ್ಕಲ್ಲ ಎಂಬ ಈ ಮಾತು ಎಷ್ಟು ಸಲೀಸಾಗಿ ಒಪ್ಪಿತವಾಗಿದೆಯೆಂದರೆ, ಅದನ್ನು ಹೇಳುವವರಲ್ಲಿ ಬಹಳಷ್ಟು ಜನ ಆ ಪುಸ್ತಕವನ್ನು ತೆರೆದೇ ನೋಡಿರುವುದಿಲ್ಲ.

ನನ್ನ ನಿಲುವು ಇದಕ್ಕೆ ನೇರ ವಿರುದ್ಧ. ದೀಪ, ಹಾಡು, ಕೇಕಿನ ಮೇಲಿನ ಡ್ರ್ಯಾಗನ್ ಯಾವುದೂ ಇಲ್ಲದಿದ್ದರೂ ರಾತ್ರಿ ಕಳೆಕಟ್ಟುತ್ತದೆ. ನಿಯಮ ಬಿಟ್ಟರೆ ಉಳಿಯುವುದು ಬರೀ ವೇಷ. ಹಳೆಯ ಕಾಲದ ಆಟದ ರಾತ್ರಿ ಎಂದು ಜನರನ್ನು ಕರೆದ ಮೇಲೆ ಹಳೆಯ ಆಟವನ್ನೇ ಆಡಿಸಬೇಕು. ಅದರ ಲೆಕ್ಕ, ಅದರ ಕತ್ತಲೆ, ಅದರ ಸಾವು ಸಮೇತ. ಹಾಗೆ ಆಡಿದರೇ ಆ ಒಂದು ರಾತ್ರಿ ಚೆನ್ನಾಗಿರುತ್ತದೆ ಎಂಬುದು ನನ್ನ ವಾದದ ಮುಖ್ಯ ಭಾಗ. ಸಂಪ್ರದಾಯದ ಮೇಲಿನ ಗೌರವಕ್ಕೆ ಇಲ್ಲಿ ಜಾಗ ಕಡಿಮೆ.

ಆಟ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ. ಮೇಜಿನ ಸುತ್ತ ಕೂತ ಒಬ್ಬರು ಒಂದು ಲೋಕವನ್ನು ವರ್ಣಿಸುತ್ತಾರೆ. ಉಳಿದವರು ತಮ್ಮ ತಮ್ಮ ಪಾತ್ರ ಏನು ಮಾಡುತ್ತದೆ ಎಂದು ಬಾಯಲ್ಲಿ ಹೇಳುತ್ತಾರೆ. ಫಲಿತಾಂಶದ ಬಗ್ಗೆ ಅನುಮಾನವಿದ್ದಲ್ಲಿ ದಾಳ ಉರುಳುತ್ತದೆ. 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಬರೆದ ಮೂರು ಪುಸ್ತಿಕೆಗಳು ಒಂದು ಪೆಟ್ಟಿಗೆಯಲ್ಲಿ ಹೊರಬಂದವು. ಮೊದಲ ಮುದ್ರಣ ಸಾವಿರ ಪ್ರತಿ. ಆ ಪುಸ್ತಿಕೆಗಳು ಯುದ್ಧದ ಆಟಗಳಲ್ಲಿ ಪಳಗಿದವರಿಗಾಗಿ ಬರೆದವು, ಹೊಸಬರಿಗೆ ಅರ್ಥವಾಗುವುದು ಕಷ್ಟವಿತ್ತು. 1977ರಲ್ಲಿ ಜೆ. ಎರಿಕ್ ಹೋಮ್ಸ್ ಎಂಬ ನರರೋಗ ತಜ್ಞರು ಅವನ್ನು ತಿಳಿಯಾಗಿ ಹೊಂದಿಸಿದರು. 1981ರಲ್ಲಿ ಟಾಮ್ ಮೋಲ್ಡ್‌ವೇ ಮತ್ತೆ ಬರೆದರು. 1983ರಲ್ಲಿ ಫ್ರ್ಯಾಂಕ್ ಮೆಂಟ್ಜರ್ ಅವರ ಆವೃತ್ತಿ ಬಂತು. ಲ್ಯಾರಿ ಎಲ್ಮೋರ್ ಬರೆದ ಕೆಂಪು ಡ್ರ್ಯಾಗನ್ ಚಿತ್ರದ, ಎಲ್ಲರೂ ಮೇಜಿನ ಮೇಲಿಡಲು ಹುಡುಕುವ ಪೆಟ್ಟಿಗೆ ಅದೇ. ಆಮೇಲೆ ಆಟವನ್ನು ಪ್ರಕಟಿಸುತ್ತಿದ್ದ ಕಂಪನಿ ಕೈಬದಲಾಯಿತು, ನಿಯಮಗಳು ಮತ್ತೆ ಮತ್ತೆ ಬದಲಾದವು. ಈಗ ಹೆಚ್ಚಿನವರು ಆಡುವುದು 2014ರ ಐದನೆಯ ಆವೃತ್ತಿ ಅಥವಾ 2024ರಲ್ಲಿ ಬಂದ ಅದರ ಪರಿಷ್ಕರಣೆ.

ಈ ಸಾಲನ್ನು ನೋಡಿದವರು ಸಹಜವಾಗಿ ಒಂದು ಏಣಿಯನ್ನು ಊಹಿಸಿಕೊಳ್ಳುತ್ತಾರೆ. ಕೆಳಗಿನ ಮೆಟ್ಟಿಲು ಹಳೆಯದು, ದೋಷಪೂರಿತ. ಮೇಲಿನದು ತಿದ್ದಿದ್ದು, ಉತ್ತಮ. ಔಷಧಿಗೆ, ವಿಮಾನದ ಎಂಜಿನ್ನಿಗೆ ಈ ತರ್ಕ ಸರಿ. ಆಟಕ್ಕೆ ಇದು ಹೊಂದುವುದಿಲ್ಲ, ಏಕೆಂದರೆ 1981ರ ಪುಸ್ತಕ ಮಾಡಲು ಹೊರಟ ಕೆಲಸವೇ ಬೇರೆ, 2014ರ ಪುಸ್ತಕ ಮಾಡಲು ಹೊರಟ ಕೆಲಸವೇ ಬೇರೆ. ಹೊಸದು ತಿಂಗಳುಗಟ್ಟಲೆ, ವರ್ಷಗಟ್ಟಲೆ ನಡೆಯುವ ದೀರ್ಘ ಕಥೆಗೆ ಹೇಳಿ ಮಾಡಿಸಿದ್ದು. ನಿಮ್ಮ ಪಾತ್ರ ಹುಟ್ಟಿದಾಗಲೇ ವೀರ, ಅವನ ಅಥವಾ ಅವಳ ಬಾಳಿನ ಕಥೆ ನಿಧಾನವಾಗಿ ಬಿಚ್ಚಿಕೊಳ್ಳಬೇಕು, ಆದ್ದರಿಂದ ಸುಲಭಕ್ಕೆ ಸಾಯಬಾರದು. ಅದನ್ನು ಆ ಪುಸ್ತಕ ಸೊಗಸಾಗಿ ಮಾಡುತ್ತದೆ, ನಾನೂ ಮೆಚ್ಚುತ್ತೇನೆ. ಹಳೆಯದು ಕೇಳುವ ಪ್ರಶ್ನೆ ಇನ್ನೊಂದು: ಏನೂ ಅಲ್ಲದ ನಾಲ್ಕೈದು ಜನ, ಕೈಯಲ್ಲಿ ಪಂಜು ಹಿಡಿದು, ಅಪಾಯದ ನೆಲಮಾಳಿಗೆಗೆ ಇಳಿದು, ಬುದ್ಧಿ ಓಡಿಸಿ, ಚಿನ್ನ ಹೊತ್ತು ಜೀವಂತ ಮೇಲೆ ಬರಬಲ್ಲರೇ? ಈ ಪ್ರಶ್ನೆಗೆ ಉತ್ತರ ಒಂದೇ ರಾತ್ರಿಯಲ್ಲಿ ಸಿಗುತ್ತದೆ. ಹುಟ್ಟುಹಬ್ಬ ಕೂಡ ಒಂದೇ ರಾತ್ರಿಯದು.

ತೊಡಕಿನದು ಎಂಬ ಆರೋಪವನ್ನು ಮೊದಲು ನೋಡೋಣ, ಅದು ಬೇಗ ಮುಗಿಯುತ್ತದೆ. ಮೋಲ್ಡ್‌ವೇ ಅವರ ಪುಸ್ತಕ 64 ಪುಟ. 2014ರ ಆಟಗಾರರ ಕೈಪಿಡಿ ಒಂದೇ 320 ಪುಟ; ಆಟ ನಡೆಸುವವರ ಪುಸ್ತಕ, ರಾಕ್ಷಸರ ಪುಸ್ತಕ ಬೇರೆ. ಹಳೆಯದರಲ್ಲಿ ಪಾತ್ರದ ವರ್ಗ ಏಳು, ಹೊಸದರಲ್ಲಿ ಹನ್ನೆರಡು ವರ್ಗ, ಅದರ ಮೇಲೆ ಕುಲ, ಹಿನ್ನೆಲೆ, ಕೌಶಲಗಳ ಆಯ್ಕೆ. ಹಳೆಯ ಮೊದಲ ಹಂತದ ಮಂತ್ರವಾದಿಗೆ ಒಂದೇ ಮಂತ್ರ, ಅದೂ ಹನ್ನೆರಡರ ಪಟ್ಟಿಯಿಂದ. ಹಳೆಯ ನಿಯಮವೆಂದೊಡನೆ ಹಾಸ್ಯಕ್ಕೆ ಎಳೆಯುವ ‘ಥ್ಯಾಕೊ’ ಎಂಬ ಹೊಡೆತದ ಲೆಕ್ಕ ಎಲ್ಲೆಡೆ ರೂಢಿಗೆ ಬಂದದ್ದು 1989ರ ಎರಡನೆಯ ಆವೃತ್ತಿಯೊಂದಿಗೆ. 1981ರ ಪುಸ್ತಕದಲ್ಲಿ ಆಟಗಾರನ ಹೊಡೆತದ ಲೆಕ್ಕ ಒಂದೇ ಸಾಲು: ಕವಚವಿಲ್ಲದ ಎದುರಾಳಿಗೆ ಇಪ್ಪತ್ತು ಮುಖದ ದಾಳದಲ್ಲಿ 10 ಅಥವಾ ಹೆಚ್ಚು ಬೀಳಬೇಕು, ಕವಚ ಒಂದೊಂದು ಮೆಟ್ಟಿಲು ಗಟ್ಟಿಯಾದ ಹಾಗೆ ಬೇಕಾದ ಸಂಖ್ಯೆ ಒಂದೊಂದೇ ಏರುತ್ತದೆ. ಆ ಸಾಲನ್ನು ಚೀಟಿಯಲ್ಲಿ ಬರೆದು ಎದುರಿಗಿಟ್ಟರೆ ಹತ್ತು ವರ್ಷದ ಮಗುವೂ ಆಡುತ್ತದೆ.

ಹುಟ್ಟುಹಬ್ಬಕ್ಕೆ ಬರುವವರು ಯಾರು ಎಂದು ಯೋಚಿಸಿ. ಒಬ್ಬ ಆಫೀಸಿನ ಗೆಳೆಯ, ಒಬ್ಬಳು ಕಾಲೇಜಿನ ಗೆಳತಿ, ಅತ್ತಿಗೆ, ಅವರ ಮಗ. ಇಬ್ಬರಿಗೆ ಆಟ ಗೊತ್ತು, ಉಳಿದವರು ಪ್ರೀತಿಗೆ ಬಂದವರು. ಇವರ ಮುಂದೆ ಹೊಸ ಪುಸ್ತಕ ಬಿಚ್ಚಿದರೆ ಏನಾಗುತ್ತದೆ ಎಂದು ನಾನು ಸಾಕಷ್ಟು ನೋಡಿದ್ದೇನೆ. ಮೊದಲ ಗಂಟೆ ಆಯ್ಕೆಯಲ್ಲೇ ಹೋಗುತ್ತದೆ. ಗೊತ್ತಿದ್ದವರು ಗೊತ್ತಿಲ್ಲದವರ ಪರವಾಗಿ ಎಲ್ಲವನ್ನೂ ತೀರ್ಮಾನಿಸುತ್ತಾರೆ. ಪಾಪ ಅತ್ತಿಗೆ ತನ್ನ ಕೈಯಲ್ಲಿರುವ ಹಾಳೆಯಲ್ಲಿ ಏನಿದೆ ಎಂದು ತಿಳಿಯದೆ, ತನ್ನ ಸರದಿ ಬಂದಾಗಲೆಲ್ಲ ಪಕ್ಕದವರ ಮುಖ ನೋಡುತ್ತಾ ಕೂರುತ್ತಾರೆ. ಹಳೆಯ ನಿಯಮದಲ್ಲಿ ಮೂರು ದಾಳ ಆರು ಸಲ ಉರುಳಿಸಿ, ಬಂದದ್ದನ್ನು ಬಂದ ಕ್ರಮದಲ್ಲೇ ಬರೆದುಕೊಳ್ಳುತ್ತೀರಿ: ಬಲ, ಬುದ್ಧಿ, ವಿವೇಕ, ಚುರುಕು, ಮೈಕಟ್ಟು, ವರ್ಚಸ್ಸು. ಬಲ ಹೆಚ್ಚಿದ್ದರೆ ಯೋಧ, ಚುರುಕಿದ್ದರೆ ಕಳ್ಳ. ಮತ್ತೆ ಮೂರು ದಾಳ ಉರುಳಿಸಿ ಹತ್ತರಿಂದ ಗುಣಿಸಿದರೆ ಕೈಯಲ್ಲಿರುವ ಚಿನ್ನ. ಅದರಲ್ಲಿ ಕತ್ತಿ, ಹಗ್ಗ, ಪಂಜು ಕೊಳ್ಳುತ್ತೀರಿ. ಹತ್ತು ನಿಮಿಷದ ಕೆಲಸ. ಮುಖ್ಯವಾದದ್ದು ಇದಕ್ಕಿಂತ ಮುಂದಿದೆ. ಹಾಳೆಯಲ್ಲಿ ಹೆಚ್ಚೇನೂ ಬರೆದಿಲ್ಲವಾದ್ದರಿಂದ ಅತ್ತಿಗೆ ಹಾಳೆ ನೋಡುವುದಿಲ್ಲ, ಕೋಣೆಯನ್ನು ನೋಡುತ್ತಾರೆ. “ಆ ಬಾಗಿಲಿನ ಕೆಳಗೆ ಬೆಳಕು ಕಾಣುತ್ತಾ? ನೆಲಕ್ಕೆ ಸ್ವಲ್ಪ ನೀರು ಸುರಿದು ನೋಡ್ತೀನಿ, ಎತ್ತ ಹರಿಯುತ್ತೆ?” ಎಂದು ಕೇಳುತ್ತಾರೆ. ನಿಯಮ ಗೊತ್ತಿರುವ ಗೆಳೆಯನಿಗಿಂತ ಅವರು ಒಂದು ಕೂದಲೆಳೆಯಷ್ಟೂ ಹಿಂದಿರುವುದಿಲ್ಲ. ಅತಿಥಿಗಳಲ್ಲಿ ತಿಳಿದವರು, ತಿಳಿಯದವರು ಎಂಬ ಭೇದ ಅಳಿಸುವ ಆಟವನ್ನು ತೊಡಕಿನದು ಎಂದು ಕರೆದು ಬದಿಗಿಡುವುದು ಅನ್ಯಾಯ.

ಇನ್ನು ‘ಒರಟು’ ಎಂಬ ಆರೋಪ. ಇದರ ಮೇಲೆ ನನಗೆ ನಿಜವಾದ ಕೋಪವಿದೆ, ಏಕೆಂದರೆ ಸತ್ಯ ಇದರ ತಲೆಕೆಳಗಾಗಿದೆ. ಹಳೆಯ ಆಟದಲ್ಲಿ ಚಿನ್ನ ತಂದರೆ ಅನುಭವದ ಅಂಕ; ಒಂದು ಚಿನ್ನದ ನಾಣ್ಯಕ್ಕೆ ಒಂದು ಅಂಕ. ಇದನ್ನು ಓದಿದವರು ದುರಾಸೆಯ ನಿಯಮ, ಬಾಲಿಶ ನಿಯಮ ಎಂದು ಮೂಗು ಮುರಿಯುತ್ತಾರೆ. ಲೆಕ್ಕ ಹಾಕಿ ನೋಡಿದರೆ ನಿಯಮದ ಒಳಗುಟ್ಟು ತಿಳಿಯುತ್ತದೆ. 1981ರ ಪುಸ್ತಕದಲ್ಲಿ ಒಬ್ಬ ಯೋಧ ಎರಡನೆಯ ಹಂತಕ್ಕೇರಲು 2,000 ಅಂಕ ಬೇಕು. ಗಾಬ್ಲಿನ್ ಎಂಬ ಪುಟ್ಟ ರಾಕ್ಷಸನೊಬ್ಬನನ್ನು ಸೋಲಿಸಿದರೆ ಸಿಗುವುದು 5 ಅಂಕ, ಅದನ್ನೂ ಗುಂಪಿನವರೆಲ್ಲ ಹಂಚಿಕೊಳ್ಳಬೇಕು. ಕತ್ತಿ ಬೀಸಿಯೇ ಮೇಲೇರುತ್ತೇನೆ ಎಂದು ಹೊರಟ ಯೋಧ ಒಬ್ಬನೇ 400 ಗಾಬ್ಲಿನ್‌ಗಳನ್ನು ಮುಗಿಸಬೇಕು. ಅಷ್ಟರೊಳಗೆ ಅವನೇ ಮುಗಿದಿರುತ್ತಾನೆ. 2014ರ ಪುಸ್ತಕದಲ್ಲಿ ಗಾಬ್ಲಿನ್ ಒಂದಕ್ಕೆ 50 ಅಂಕ, ಎರಡನೆಯ ಹಂತಕ್ಕೆ 300. ಅಂದರೆ ಆರು ಗಾಬ್ಲಿನ್, ಚಿನ್ನಕ್ಕೆ ಅಂಕವೇ ಇಲ್ಲ. ಕೊಲೆಯನ್ನು ಲಾಭದ ದಾರಿ ಮಾಡಿದ್ದು ಇವೆರಡರಲ್ಲಿ ಯಾವುದು? ಚಿನ್ನಕ್ಕೆ ಅಂಕ ಕೊಟ್ಟ ಕ್ಷಣ ಆಟಗಾರರು ಕಾದಾಟವನ್ನು ಖರ್ಚು ಎಂದು ನೋಡತೊಡಗುತ್ತಾರೆ. ಕದಿಯುತ್ತಾರೆ, ಮೋಸಗೊಳಿಸುತ್ತಾರೆ, ಸುತ್ತುಬಳಸಿ ಹೋಗುತ್ತಾರೆ, ಲಂಚ ಕೊಡುತ್ತಾರೆ, ಕಾಲಿಗೆ ಬುದ್ಧಿ ಹೇಳುತ್ತಾರೆ.

ಎದುರಿಗೆ ಬಂದ ಪ್ರಾಣಿಯೂ ಹಾರಿ ಬೀಳುವುದಿಲ್ಲ. ಅದು ಹೇಗೆ ನಡೆದುಕೊಳ್ಳುತ್ತದೆ ಎಂದು ನಿರ್ಧರಿಸಲು ಎರಡು ದಾಳ ಉರುಳಿಸುವ ಕೋಷ್ಟಕವೊಂದಿದೆ. ಕೂಡಿಸಿ 2 ಬಂದರೆ ಮಾತ್ರ ಕೂಡಲೇ ದಾಳಿ. ಅದರ ಸಾಧ್ಯತೆ ಮೂವತ್ತಾರರಲ್ಲಿ ಒಂದು. 3ರಿಂದ 5 ಬಂದರೆ ಹಗೆತನ, ದಾಳಿಯೂ ಆಗಬಹುದು. 6ರಿಂದ 8ರವರೆಗೆ ಬಂದರೆ ಪ್ರಾಣಿಗೇ ಗೊಂದಲ, ಏನು ಮಾಡಬೇಕೆಂದು ತೋಚುತ್ತಿಲ್ಲ. ಮೂವತ್ತಾರರಲ್ಲಿ ಹದಿನಾರು ಸಲ ಹೀಗಾಗುತ್ತದೆ. ಓಗರ್ ಎಂಬ ದೈತ್ಯ ಪ್ರಾಣಿಯೊಂದು ಗೊಂದಲದಲ್ಲಿ ನಿಮ್ಮನ್ನು ದಿಟ್ಟಿಸುತ್ತಾ ನಿಂತಿದೆ. ಈಗ ಮಾತು ನಿಮ್ಮದು. ಇದರ ಜೊತೆಗೆ, ಬಯಸಿದವರು ಬಳಸಬಹುದಾದ ಧೈರ್ಯದ ಪರೀಕ್ಷೆಯೂ ಪುಸ್ತಕದಲ್ಲಿದೆ: ಪಕ್ಷದಲ್ಲಿ ಮೊದಲ ಸಾವಾದಾಗ, ಅರ್ಧ ಜನ ಬಿದ್ದಾಗ ಎರಡು ದಾಳ ಉರುಳಿಸಿ, ಅದು ಆ ಪ್ರಾಣಿಯ ಧೈರ್ಯದ ಅಂಕ ಮೀರಿದರೆ ಓಡಿಹೋಗುತ್ತದೆ ಅಥವಾ ಶರಣಾಗುತ್ತದೆ. ಗಾಬ್ಲಿನ್‌ನ ಧೈರ್ಯ 7. ಹತ್ತರಲ್ಲಿ ನಾಲ್ಕು ಸಲ ಅವು ಮೊದಲ ಹೆಣ ಬಿದ್ದೊಡನೆ ಕಾಲ್ತೆಗೆಯುತ್ತವೆ. ಭಯ, ಅನುಮಾನ, ಚೌಕಾಸಿ ಇವೆಲ್ಲ ರಾಕ್ಷಸರಿಗೂ ಇವೆ ಎಂದು ಸಂಖ್ಯೆಯಲ್ಲಿ ಬರೆದಿಟ್ಟ ಆಟ ಇದು. ಇದನ್ನು ಒರಟು ಎನ್ನುವವರು ಯಾವ ಪುಟ ಓದಿದರೋ ನನಗೆ ತಿಳಿಯದು.

ಪಂಜಿನ ಲೆಕ್ಕವನ್ನೂ ಹೇಳಲೇಬೇಕು. ಹಳೆಯ ಆಟದಲ್ಲಿ ಹತ್ತು ನಿಮಿಷಕ್ಕೆ ಒಂದು ಸರದಿ. ಒಂದು ಪಂಜು ಆರು ಸರದಿ ಉರಿಯುತ್ತದೆ. ಎರಡು ಸರದಿಗೊಮ್ಮೆ ಆಟ ನಡೆಸುವವರು ದಾಳ ಉರುಳಿಸುತ್ತಾರೆ, 1 ಬಿದ್ದರೆ ಅಲೆದಾಡುವ ಪ್ರಾಣಿಯೊಂದು ನಿಮ್ಮತ್ತ ಬರುತ್ತಿದೆ. ಅದರ ಹತ್ತಿರ ಹೊತ್ತೊಯ್ಯುವಂಥ ಚಿನ್ನ ಇರುವುದು ಅಪರೂಪ, ಹಲ್ಲು ಮಾತ್ರ ಇರುತ್ತದೆ. ಇದನ್ನು ‘ಗುಮಾಸ್ತೆ ಕೆಲಸ’ ಎಂದು ಕರೆದು ಮೊದಲು ಕೈಬಿಡುವವರೇ ಹೆಚ್ಚು. ಕೈಬಿಟ್ಟ ಮೇಲೆ ಆಟದಲ್ಲಿ ಸಮಯವೇ ಇರುವುದಿಲ್ಲ. ಪ್ರತಿ ಗೋಡೆ ತಟ್ಟಿ ನೋಡಿದರೂ ನಷ್ಟವಿಲ್ಲ, ಪ್ರತಿ ಕೋಣೆಯಲ್ಲಿ ಅರ್ಧ ಗಂಟೆ ಚರ್ಚಿಸಿದರೂ ನಷ್ಟವಿಲ್ಲ, ಆದ್ದರಿಂದ ಯಾವ ತೀರ್ಮಾನಕ್ಕೂ ತೂಕವಿಲ್ಲ. ಆ ಪುಟ್ಟ ಲೆಕ್ಕ ಇದ್ದಾಗ, “ಈ ಪೆಟ್ಟಿಗೆಯ ಬೀಗ ಒಡೆಯೋಣವೇ, ಬೇಡವೇ” ಎಂಬ ಪ್ರಶ್ನೆ ಮೇಜಿನ ಸುತ್ತ ಎಲ್ಲರನ್ನೂ ಮುಂದಕ್ಕೆ ಬಾಗಿಸುತ್ತದೆ. ಪಂಜಿನ ಲೆಕ್ಕ ಬರೆಯುವ ಕೆಲಸವನ್ನು ಹುಟ್ಟುಹಬ್ಬದವರ ಕೈಗೇ ಕೊಡಿ. ಇಡೀ ಗುಂಪಿನ ಬೆಳಕು ಅವರ ಪೆನ್ಸಿಲ್ ತುದಿಯಲ್ಲಿ ಇರುತ್ತದೆ. ಹಾಗೆಯೇ ಟೀವಿ ಪರದೆಯ ಮೇಲೆ ಬಣ್ಣಬಣ್ಣದ ನಕ್ಷೆ ತೋರಿಸಬೇಡಿ. ಗ್ರಾಫ್ ಹಾಳೆ ಕೊಡಿ. ನೀವು ಬಾಯಲ್ಲಿ ಹೇಳಿದ್ದನ್ನು ಕೇಳಿ ಒಬ್ಬರು ನಕ್ಷೆ ಬರೆಯಲಿ, ತಪ್ಪು ಬರೆದರೆ ದಾರಿ ತಪ್ಪಲಿ. ರೆಟ್ರೊ ಎಂದರೆ ಇದು. ಎಂಬತ್ತರ ದಶಕದ ಆರಂಭದ ಪೆಟ್ಟಿಗೆಗಳಲ್ಲಿ ಬರುತ್ತಿದ್ದ ದಾಳಗಳ ಅಂಕಿಗಳಿಗೆ ಬಣ್ಣವಿರುತ್ತಿರಲಿಲ್ಲ. ಆಟಗಾರರೇ ಮೇಣದ ಬಳಪ ತಿಕ್ಕಿ ಅಂಕಿ ಕಾಣಿಸಿಕೊಳ್ಳಬೇಕಿತ್ತು. ಅಲಂಕಾರ ಬೇಕೇ ಬೇಕೆನ್ನುವವರು ಅತಿಥಿಗಳಿಗೆ ಒಂದೊಂದು ಬಳಪ ಕೊಟ್ಟು ಆ ಕೆಲಸ ಹಚ್ಚಲಿ. ನಿಯಾನ್ ದೀಪಕ್ಕಿಂತ ಅದು ಆ ಕಾಲಕ್ಕೆ ಹತ್ತಿರದ್ದು.

ಈಗ ಸಾವಿಗೆ ಬರೋಣ. ಎಲ್ಲ ವಿರೋಧವೂ ಕೊನೆಗೆ ಬಂದು ನಿಲ್ಲುವುದು ಇಲ್ಲಿಯೇ. ಹಳೆಯ ಆಟದಲ್ಲಿ ಮೊದಲ ಹಂತದ ಮಂತ್ರವಾದಿಗೆ ಒಂದರಿಂದ ನಾಲ್ಕು ಜೀವಾಂಕ, ಗಾಬ್ಲಿನ್‌ನ ಒಂದು ಹೊಡೆತ ಒಂದರಿಂದ ಆರು ಕಳೆಯಬಹುದು, ಸೊನ್ನೆಗಿಳಿದರೆ ಸಾವು. ಹೊಸ ಆಟದಲ್ಲಿ ಸೊನ್ನೆಗಿಳಿದವರು ಮೂರು ಗೆಲುವೋ ಮೂರು ಸೋಲೋ ಆಗುವವರೆಗೆ ಸಾವಿನೊಡನೆ ದಾಳದ ಪಂದ್ಯ ಆಡಬಹುದು, ರಾತ್ರಿ ಮಲಗೆದ್ದರೆ ಪೂರ್ತಿ ಗುಣವಾಗುತ್ತಾರೆ. ಹುಟ್ಟುಹಬ್ಬದ ದಿನ ಮೊದಲಿನದು ನಿರ್ದಯೆ, ಎರಡನೆಯದು ಸೌಜನ್ಯ ಎನ್ನುವ ಮಾತು ಮೇಲ್ನೋಟಕ್ಕೆ ಒಪ್ಪುವಂತೆಯೇ ಇದೆ. ಹಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ: ನಿಯಮ ಯಾವುದಾದರೂ ಇರಲಿ, ಆಟ ನಡೆಸುವವರು ಎದುರಿಗೆ ಇಟ್ಟುಕೊಳ್ಳುವ ಪರದೆಯ ಹಿಂದೆ ದಾಳ ಉರುಳಿಸಿ, ಕೆಟ್ಟದ್ದು ಬಿದ್ದರೆ ಒಳ್ಳೆಯದು ಬಿತ್ತೆಂದು ಹೇಳಿಬಿಡಿ, ಯಾರಿಗೂ ತಿಳಿಯುವುದಿಲ್ಲ ಎನ್ನುತ್ತಾರೆ.

ಈ ರೆಟ್ರೊ ಹುಚ್ಚಿಗೆ ಕಾರಣವಾದ ಧಾರಾವಾಹಿಯನ್ನೇ ತೆಗೆದುಕೊಳ್ಳೋಣ. 2016ರಲ್ಲಿ ಬಂದ ‘ಸ್ಟ್ರೇಂಜರ್ ಥಿಂಗ್ಸ್’ 1983ರ ನವೆಂಬರ್‌ನಲ್ಲಿ ಶುರುವಾಗುತ್ತದೆ. ಮೊದಲ ಕಂತಿನಲ್ಲೇ ನಾಲ್ವರು ಹುಡುಗರು ನೆಲಮಾಳಿಗೆಯಲ್ಲಿ ಕೂತು ಇದೇ ಆಟ ಆಡುತ್ತಿದ್ದಾರೆ. ವಿಲ್ ಎಂಬ ಹುಡುಗ ಎಸೆದ ದಾಳ ಮೇಜಿನಿಂದ ಹಾರಿ ಕೆಳಗೆ ಉರುಳುತ್ತದೆ. ಹುಡುಕಿದರೆ ಸೋಲಿನ ಸಂಖ್ಯೆ. ಆಟ ನಡೆಸುತ್ತಿದ್ದ ಮೈಕ್ ಅದನ್ನು ನೋಡಿಲ್ಲ. ನೋಡದಿದ್ದರೆ ಲೆಕ್ಕಕ್ಕಿಲ್ಲ ಎಂದು ಗೆಳೆಯನೊಬ್ಬ ಹೇಳುತ್ತಾನೆ. ಆಟ ನಿಲ್ಲುತ್ತದೆ, ಎಲ್ಲರೂ ಮನೆಗೆ ಹೊರಡುತ್ತಾರೆ. ಹೊರಡುವ ಹೊತ್ತಿಗೆ ವಿಲ್ ತಾನಾಗಿಯೇ ಮೈಕ್‌ಗೆ ನಿಜ ಹೇಳುತ್ತಾನೆ: ಬಿದ್ದದ್ದು ಏಳು, ಆ ರಾಕ್ಷಸ ನನ್ನನ್ನು ಹಿಡಿಯಿತು. ಇಡೀ ಧಾರಾವಾಹಿಯಲ್ಲಿ ಅವನನ್ನು ನಾವು ಪ್ರೀತಿಸಲು ಶುರುಮಾಡುವುದು ಅಲ್ಲಿಂದ. ಬಚ್ಚಿಡಬಹುದಾಗಿದ್ದ ಸೋಲನ್ನು ಆ ಮಗು ಬಚ್ಚಿಡಲಿಲ್ಲ. ಆ ದೃಶ್ಯದಿಂದ ದೀಪದ ಬಣ್ಣ, ಸೈಕಲ್ಲು, ಸ್ವೆಟರು ಎಲ್ಲವನ್ನೂ ತಂದು ತಮ್ಮ ಪಾರ್ಟಿಗೆ ಜೋಡಿಸಿಕೊಂಡವರು, ಅದರ ತಿರುಳಾದ ಆ ಒಂದು ಪ್ರಾಮಾಣಿಕತೆಯನ್ನು ಹೊರಗೆಸೆದು, ಪರದೆಯ ಹಿಂದೆ ದಾಳ ತಿರುಗಿಸುತ್ತಿದ್ದಾರೆ.

ಮೇಜಿನ ಮೇಲೆ ಇಡುವ ಕೆಂಪು ಪೆಟ್ಟಿಗೆಯನ್ನಾದರೂ ತೆರೆದು ಓದಬೇಡವೇ? ಮೆಂಟ್ಜರ್ ಅವರ ಆ ಪುಸ್ತಕ ಹೊಸಬನಿಗೆ ಆಟ ಕಲಿಸಲು ಒಂದು ಕಥೆ ಹೇಳುತ್ತದೆ. ಅದರಲ್ಲಿ ಅಲೀನಾ ಎಂಬ ಸಂನ್ಯಾಸಿನಿ ನಿಮಗೆ ಗೆಳತಿಯಾಗುತ್ತಾಳೆ, ನೆರವಾಗುತ್ತಾಳೆ, ಮತ್ತು ಬಾರ್ಗಲ್ ಎಂಬ ಮಂತ್ರವಾದಿಯ ಕೈಯಲ್ಲಿ ಸಾಯುತ್ತಾಳೆ. ಹೊಸಬರಿಗೆಂದೇ ಬರೆದ ಮೊದಲ ಪಾಠದಲ್ಲಿ ಆ ಸಾವಿದೆ. ಅದನ್ನು ಓದಿದವರು ನಲವತ್ತು ವರ್ಷವಾದರೂ ಬಾರ್ಗಲ್‌ನನ್ನು ಕ್ಷಮಿಸಿಲ್ಲ. 1981ರ ಪುಸ್ತಕದ ಮಾದರಿ ಆಟದಲ್ಲೂ ಕಪ್ಪು ಡೂಗಲ್ ಎಂಬ ಕಳ್ಳ ಪೆಟ್ಟಿಗೆಯೊಂದರ ವಿಷದ ಮುಳ್ಳು ಚುಚ್ಚಿ ಸಾಯುತ್ತಾನೆ, ಉಳಿದವರ ಆಟ ನಡೆಯುತ್ತದೆ. ಆಟ ಹೇಗಿರುತ್ತದೆ ಎಂದು ತೋರಿಸಲು ಬರೆದ ಪುಟದಲ್ಲೇ ಒಬ್ಬ ಆಟಗಾರನ ಪಾತ್ರ ಸಾಯುವಂತೆ ಮಾಡಿದ್ದು ಲೇಖಕರ ನಿರ್ದಯೆಯಿಂದಲ್ಲ. ಸಾಯಬಹುದು ಎಂದು ಗೊತ್ತಿದ್ದರೆ ಮಾತ್ರ ಬದುಕಿದ್ದಕ್ಕೆ ಬೆಲೆ ಎಂಬುದನ್ನು ಅವರು ಮೊದಲೇ ಹೇಳಿಬಿಟ್ಟಿದ್ದಾರೆ.

ದಯೆ ಹಳೆಯ ನಿಯಮದಲ್ಲೂ ಇದೆ, ಅದರ ಜಾಗ ಬೇರೆ. ಎಲ್ಲ ಅಂಕಗಳೂ ತೀರಾ ಕಡಿಮೆ ಬಿದ್ದ ಪಾತ್ರವನ್ನು ಬದಿಗಿಟ್ಟು ಹೊಸದಾಗಿ ಉರುಳಿಸಲು ಮೋಲ್ಡ್‌ವೇ ಅವಕಾಶ ಕೊಡುತ್ತಾರೆ. ಮೊದಲ ಹಂತದ ಜೀವಾಂಕದಲ್ಲಿ 1 ಅಥವಾ 2 ಬಿದ್ದರೆ ಮತ್ತೊಮ್ಮೆ ಉರುಳಿಸಲು ಬಿಡಬಹುದು ಎನ್ನುತ್ತಾರೆ. ಈ ಉದಾರತೆಗಳೆಲ್ಲ ಆಟಕ್ಕೆ ಮುಂಚೆ, ಬಹಿರಂಗವಾಗಿ, ಎಲ್ಲರಿಗೂ ಸಮನಾಗಿ. ನಾನೂ ಹಾಗೆಯೇ ಮಾಡುತ್ತೇನೆ: ಏನು ಸಡಿಲಿಸಬೇಕೋ ಅದನ್ನು ಕೇಕ್ ಕತ್ತರಿಸುವ ಮುಂಚೆ ಹೇಳಿಬಿಡುತ್ತೇನೆ, ಆಮೇಲೆ ಪರದೆ ತೆಗೆದು ಮೇಜಿನ ನಟ್ಟನಡುವೆ ದಾಳ ಎಸೆಯುತ್ತೇನೆ. ಆಟದ ನಡುವೆ ಗುಟ್ಟಾಗಿ ತೋರಿಸುವ ದಯೆ ಅತಿಥಿಗೆ ಮಾಡುವ ಅವಮಾನ. ಅವರ ಉಪಾಯ ಫಲಿಸಿತೋ, ನೀವು ಕನಿಕರಪಟ್ಟಿರೋ ಎಂದು ಅವರಿಗೆ ಎಂದಿಗೂ ತಿಳಿಯುವುದಿಲ್ಲ. ಗೆದ್ದ ಸಂತೋಷವನ್ನೇ ಕದ್ದಂತಾಯಿತು, ಅದೂ ಹುಟ್ಟುಹಬ್ಬದಂದು.

ಹಳೆಯ ನಿಯಮವನ್ನು ಹೊಗಳುವವರಲ್ಲೂ ಒಂದು ಪಂಗಡದ ಮಾತು ನನಗೆ ಒಪ್ಪಿಗೆಯಿಲ್ಲ. ಇದು ಬಾಲ್ಯದ ನೆನಪು, ಹಳೆಯ ಕಾಗದದ ವಾಸನೆ, ಅಷ್ಟೇ ಎನ್ನುವವರು ಅವರು. ವಿರೋಧಿಗಳಿಗೆ ಇದಕ್ಕಿಂತ ಅನುಕೂಲವಾದ ಹೊಗಳಿಕೆ ಬೇರಿಲ್ಲ. ಹಳಹಳಿಕೆಯೆಂದು ಒಪ್ಪಿಕೊಂಡ ಮೇಲೆ ಉಳಿದದ್ದು ಅಲಂಕಾರವೇ ತಾನೆ? ನಾನು ಬೆಳೆದದ್ದು ಮಲೆನಾಡಿನಲ್ಲಿ. 1983ರಲ್ಲಿ ನಮ್ಮೂರಿನ ಯಾವ ಅಂಗಡಿಯಲ್ಲೂ ಆ ಕೆಂಪು ಪೆಟ್ಟಿಗೆ ಇರಲಿಲ್ಲ, ಅಂಥದ್ದೊಂದು ಆಟ ಲೋಕದಲ್ಲಿದೆ ಎಂದು ಹೇಳುವವರೂ ಇರಲಿಲ್ಲ. ಇಂದು ಬೆಂಗಳೂರಿನ ಬೋರ್ಡ್ ಗೇಮ್ ಕೆಫೆಗಳಲ್ಲಿ ಈ ಬಗೆಯ ಆಟ ಆಡುವ ಇಪ್ಪತ್ತರ ಹರೆಯದವರಿಗೆ ವಿಸ್ಕಾನ್ಸಿನ್‌ನ ಎಂಬತ್ತರ ದಶಕದ ಯಾವ ನೆನಪೂ ಇರಲು ಸಾಧ್ಯವಿಲ್ಲ. ಆದರೂ ಹಳೆಯ ನಿಯಮ ಕೈಗೆ ಸಿಕ್ಕಾಗ ಅವರ ಕಣ್ಣು ಅರಳುತ್ತದೆ, ನನ್ನದೂ ಅರಳಿತು. ನೆನಪಿಲ್ಲದವರನ್ನೂ ಹಿಡಿದಿಡುವ ಶಕ್ತಿ ನೆನಪಿನದಾಗಿರಲಾರದು; ಅದು ಆ 64 ಪುಟದ ಕಟ್ಟಿನಲ್ಲೇ ಇದೆ. ಇಂಥ ನಿಯಮಗಳನ್ನು ಹೊಸದಾಗಿ ಬರೆದು ಹಂಚುವವರು 2006ರಿಂದ ಸಾಲುಸಾಲಾಗಿ ಬಂದರು. ‘ಬೇಸಿಕ್ ಫ್ಯಾಂಟಸಿ’ಯನ್ನು ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು, 2019ರಲ್ಲಿ ಬಂದ ಗ್ಯಾವಿನ್ ನಾರ್ಮನ್ ಅವರ ‘ಓಲ್ಡ್ ಸ್ಕೂಲ್ ಎಸೆನ್ಷಿಯಲ್ಸ್’ ಮೋಲ್ಡ್‌ವೇ ಕಾಲದ ನಿಯಮವನ್ನು ಅಚ್ಚುಕಟ್ಟಾಗಿ ಜೋಡಿಸಿಕೊಟ್ಟಿದೆ. ಬರೀ ಹಳಹಳಿಕೆಗೆ ಯಾರೂ ಇಷ್ಟು ದುಡಿಯುವುದಿಲ್ಲ.

ನಿಯಮ ಏಕೆ ಮಣಿಯಬಾರದು ಎಂಬುದನ್ನು ನಮ್ಮ ಕಡೆಯ ತಾಳಮದ್ದಳೆ ಬಲ್ಲವರಿಗೆ ವಿವರಿಸುವುದು ಸುಲಭ. ಅಲ್ಲಿ ವೇಷವಿಲ್ಲ, ಕಿರೀಟವಿಲ್ಲ, ಕುಣಿತವಿಲ್ಲ. ಭಾಗವತರ ಪದ್ಯ, ಎದುರುಬದುರು ಕೂತ ಅರ್ಥಧಾರಿಗಳು, ಅವರ ಆ ಹೊತ್ತಿನ ಮಾತು. ಪ್ರಸಂಗದ ಚೌಕಟ್ಟು ಬಿಗಿ, ಅದರೊಳಗಿನ ಮಾತು ಸ್ವತಂತ್ರ. ಕರ್ಣನ ಅರ್ಥ ಹೇಳುವವರು ವಾದದಲ್ಲಿ ಎಷ್ಟೇ ಗೆದ್ದರೂ, ಕೂತವರೆಲ್ಲ ಕರ್ಣನ ಪರ ಕಣ್ಣೀರಿಟ್ಟರೂ, ಭಾಗವತರು ಅವನನ್ನು ಉಳಿಸುವುದಿಲ್ಲ. ಚೌಕಟ್ಟು ಮಣಿಯದಿರುವುದರಿಂದಲೇ ಮಾತಿಗೆ ಆ ಪಾಟಿ ಕಸುವು ಬರುತ್ತದೆ.

ಹಳೆಯದೆಲ್ಲ ಚಿನ್ನ ಎಂದು ನಾನು ಹೇಳಲಾರೆ. 1978ರ ‘ಅಡ್ವಾನ್ಸ್‌ಡ್’ ಆವೃತ್ತಿಯ ಆಟಗಾರರ ಕೈಪಿಡಿಯಲ್ಲಿ ಹೆಣ್ಣು ಪಾತ್ರಗಳ ಬಲಕ್ಕೆ ಗಂಡಿಗಿಂತ ಕಡಿಮೆ ಮಿತಿ ಹಾಕಲಾಗಿತ್ತು. ಅದು ಆಗಲೂ ತಪ್ಪು, ಈಗಲೂ ತಪ್ಪು. ಅದನ್ನು ಕಾಲಧರ್ಮವೆಂದು ಯಾರೂ ಸಮರ್ಥಿಸಬೇಕಿಲ್ಲ. ಮೋಲ್ಡ್‌ವೇ ಪುಸ್ತಕದಲ್ಲಿ ಅಂಥ ಮಿತಿಯಿಲ್ಲ. ಅದರ ಮಾದರಿ ಆಟದಲ್ಲಿ ಗುಂಪಿನ ಪರವಾಗಿ ಮಾತಾಡುವವಳು ಮಾರ್ಗನ್ ಐರನ್‌ವುಲ್ಫ್ ಎಂಬ ಯೋಧೆ. ಯಾವ ಹಳೆಯ ಪುಸ್ತಕ ಎಂದು ಆರಿಸಿಕೊಳ್ಳುವ ವಿವೇಕ ಮನೆಯವರಿಗಿರಬೇಕು. 1975ರ ಸ್ಪರ್ಧೆಗಾಗಿ ಗೈಗ್ಯಾಕ್ಸ್ ರಚಿಸಿದ ‘ಟೂಂಬ್ ಆಫ್ ಹಾರರ್ಸ್’ ಎಂಬ ಸಿದ್ಧ ಸಾಹಸವನ್ನು ಹುಟ್ಟುಹಬ್ಬಕ್ಕೆ ತರಬೇಡಿ. ಅದು ಪಳಗಿದವರ ಸೊಕ್ಕು ಮುರಿಯಲು ಕಟ್ಟಿದ ಗೋರಿ. ಗೈಗ್ಯಾಕ್ಸ್ ಅವರದೇ ‘ದ ಕೀಪ್ ಆನ್ ದ ಬಾರ್ಡರ್‌ಲ್ಯಾಂಡ್ಸ್’ ಇದಕ್ಕೆ ತಕ್ಕದ್ದು. ಮೋಲ್ಡ್‌ವೇ ಪೆಟ್ಟಿಗೆಯೊಳಗೆ ಇದ್ದದ್ದೂ ಅದೇ. ಗಡಿಯಲ್ಲೊಂದು ಕೋಟೆ, ಅಲ್ಲಿಂದ ಸ್ವಲ್ಪ ದೂರದ ಕಣಿವೆಯಲ್ಲಿ ಗುಹೆಗಳು, ಒಂದೊಂದರಲ್ಲಿ ಒಂದೊಂದು ಪಂಗಡ, ಒಬ್ಬರಿಗೊಬ್ಬರ ಮೇಲೆ ನಂಬಿಕೆಯಿಲ್ಲ. ಗಾಬ್ಲಿನ್‌ಗಳು ಸಂಕಟಕ್ಕೆ ಸಿಕ್ಕಾಗ ಪಕ್ಕದ ಗುಹೆಯ ಓಗರ್‌ಗೆ 250 ಚಿನ್ನದ ನಾಣ್ಯದ ಚೀಲ ಎಸೆದು ನೆರವಿಗೆ ಕರೆಯುತ್ತವೆ. ಇದನ್ನು ಪತ್ತೆಹಚ್ಚಿದ ಅತಿಥಿ, ಆ ಓಗರ್‌ಗೆ ಇನ್ನೂ ದೊಡ್ಡ ಚೀಲ ತೋರಿಸಿದರೆ ಏನಾದೀತು ಎಂದು ಕೇಳಿಯೇ ಕೇಳುತ್ತಾರೆ. ಕೋಟೆಯಲ್ಲಿ ಹರಡುವ ಗಾಳಿಮಾತುಗಳಲ್ಲಿ ಕೆಲವು ಸುಳ್ಳು. ‘ಬ್ರೀ-ಯಾರ್ಕ್’ ಎಂದರೆ ಗಾಬ್ಲಿನ್ ಭಾಷೆಯಲ್ಲಿ ‘ಶರಣು’ ಎಂದರ್ಥ ಎಂಬುದು ಅಂಥದ್ದೊಂದು. ಗುಹೆಯಲ್ಲಿ ಅದು ಎಚ್ಚರಿಕೆಯ ಕೂಗು. ಅದನ್ನು ನಂಬಿ ಕತ್ತಿ ಕೆಳಗಿಟ್ಟವರ ಗತಿಯನ್ನು ಆ ಸಂಸಾರದಲ್ಲಿ ಮುಂದಿನ ಹಲವು ಹುಟ್ಟುಹಬ್ಬಗಳವರೆಗೂ ಹೇಳಿಕೊಂಡು ನಗುತ್ತಾರೆ.

ಕೊನೆಗೊಂದು ನ್ಯಾಯವಾದ ಆಕ್ಷೇಪ ಉಳಿಯುತ್ತದೆ. ಎಂಟೂವರೆಗೆ ಸತ್ತ ಅತಿಥಿ ಹನ್ನೊಂದರವರೆಗೆ ಮೂಲೆಯಲ್ಲಿ ಕೂತು ಮೊಬೈಲ್ ನೋಡಬೇಕೇ? ಹೊಸ ನಿಯಮದಲ್ಲಾದರೆ ಈ ಹೆದರಿಕೆ ಸರಿಯೇ, ಇನ್ನೊಂದು ಪಾತ್ರ ಕಟ್ಟಲು ಮತ್ತೊಂದು ಗಂಟೆ ಬೇಕು. ಇಲ್ಲಿ ಹತ್ತು ನಿಮಿಷ. ಸತ್ತವರ ಕೈಗೆ ಕೂಡಲೇ ಮೂರು ದಾಳ ಕೊಡಿ, ಕೇಕಿನ ದೊಡ್ಡ ತುಂಡನ್ನೂ ಕೊಡಿ. ಅವರು ಅಂಕ ಬರೆದು ಮುಗಿಸುವ ಹೊತ್ತಿಗೆ ಉಳಿದವರು ಅದೇ ಕಣಿವೆಯ ಹಾಬ್‌ಗಾಬ್ಲಿನ್ ಗುಹೆಯ ಸೆರೆಮನೆಯ ಬಾಗಿಲು ಮುಟ್ಟಿರುತ್ತಾರೆ. ಅಲ್ಲಿನ ಸೆರೆಯಾಳುಗಳಲ್ಲಿ ಇವರಿದ್ದಾರೆ: ಒಬ್ಬ ವರ್ತಕ, ಅವನ ಹೆಂಡತಿ, ಅವರ ಕಾವಲಿಗಿದ್ದ ಇಬ್ಬರು ಸೈನಿಕರು. ಆ ಸೈನಿಕರಲ್ಲಿ ಒಬ್ಬರು ಇನ್ನು ಈ ಅತಿಥಿಯೇ. ಸೆರೆಯಲ್ಲಿ ಕೂತಲ್ಲಿಂದಲೇ ಮಾತು ಶುರುಮಾಡಲಿ, ಬೀಗ ಒಡೆಯಲು ಎಷ್ಟು ಪಂಜು ಉಳಿದಿದೆ ಎಂದು ಹುಟ್ಟುಹಬ್ಬದವರು ಲೆಕ್ಕ ನೋಡಲಿ.